ಮುಯ್ಯಿಗೆ ಒಂದು ಜೊತೆ ಎತ್ತು

ಚಿನಕುರಳಿ
ಫೆಬ್ರವರಿ 1991

ಅಪ್ಪಾಜಿಗೆ ಯಶೋದಳ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ, ಟ್ರಾಕ್ಟರ್ ಒಂದನ್ನು ಬಿಟ್ಟು. ಎಲ್ಲೋ ಕುವೈತಿನಲ್ಲಿ ಯುದ್ಧವಾದರೆ ಇಲ್ಲಿ ಪಾಂಡವಪುರದ ಬಂಕಿನಲ್ಲಿ ಡೀಸೆಲ್ ಇಲ್ಲ, ಮನೆಯಲ್ಲಿ ಸೀಮೆಎಣ್ಣೆಯೂ ಇಲ್ಲ. ನಾಲೆಗೆ ನೀರು ಬಂದಿತ್ತು, ಮಡಿಯಲ್ಲಿ ಭತ್ತದ ಪೈರು ನಾಟಿಯ ಹದ ಮೀರಿ ಬಲಿಯುತ್ತಿತ್ತು, ಗದ್ದೆ ಮಾತ್ರ ಉತ್ತಿರಲಿಲ್ಲ. ನಿಮ್ಮ ಅಳಿಯ ಖಾಲಿ ಕ್ಯಾನಿನ ಪಕ್ಕ ಕೂತುಬಿಟ್ಟಿದ್ದರು.

ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದವಳು ಹಾಗೇ ನಿಂತೆ. ಮುಂದೆ ಪಕ್ಕದ ಗದ್ದೆಯ ಅಂದಾನಯ್ಯ ಮಾವ, ಹಿಂದೆ ಬೀದಿ ತುಂಬ ನೇಗಿಲು ಹೊತ್ತವರು, ಎತ್ತುಗಳು. ಮಾವ ನಿಮ್ಮ ಅಳಿಯನನ್ನು ಕೂಗಿದರು:

"ಅದೇನ್ಲಾ ಅಂಗ್ ಕುಂತಿದ್ದೀಯೆ? ನಿನ್ ಪೈರು ಬಲ್ತೋಯ್ತಾ ಅದೆ, ಮೊದ್ಲು ನಿನ್ ಗದ್ದೆ ಉತ್ತಾಕ್ಬುಡಾಣ. ಆಮ್ಯಾಕೆ ನೀನೂ ಒಂದ್ ಜೊತೆ ಎತ್ತು ಹೊಂಚ್ಕೊಂಡು ನಮ್ ಗದ್ದೆಗೆ ಮುಯ್ಯಿಗ್ ಬಾ."

ಟ್ರಾಕ್ಟರ್ ಬಂದಮೇಲೆ ಇವರು ಯಾರ ಗದ್ದೆಗೂ ಮುಯ್ಯಿಗೆ ಹೋದವರಲ್ಲ. ಆ ಮಾತನ್ನು ಒಬ್ಬರೂ ಎತ್ತಲಿಲ್ಲ. ಅಷ್ಟೊಂದು ಎತ್ತುಗಳು ನಮ್ಮ ಗದ್ದೆಯ ಕೆಸರಿನಲ್ಲಿ ಒಂದರ ಹಿಂದೊಂದು ತಿರುಗುತ್ತಿದ್ದರೆ, ಮುದ್ದೆ ಕುಕ್ಕೆ ಹೊತ್ತು ಹೋದ ನಾನು ಅದನ್ನು ಇಳಿಸುವುದನ್ನೇ ಮರೆತು ಬದುವಿನ ಮೇಲೆ ನಿಂತಿದ್ದೆ. ಹೊತ್ತು ಮುಳುಗುವಷ್ಟರಲ್ಲಿ ಉಳುಮೆ ಮುಗಿದಿತ್ತು.

ಈಗ ನಾವು ಮುಯ್ಯಿ ತೀರಿಸಬೇಕು. ಕೇಳಲು ಇವರಿಗೆ ಸಂಕೋಚ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಟ್ರಾಕ್ಟರ್ ಕೊಂಡಾಗ ನಿಮ್ಮಲ್ಲಿಗೆ ಕಳಿಸಿದ ನಮ್ಮ ಹಳೇ ಎತ್ತಿನ ಜೊತೆಯನ್ನೇ ಕಳಿಸಿಕೊಡಿ, ನಿಮ್ಮ ಹೊಸ ಹೋರಿಗಳು ಬೇಡ. ನಿಮ್ಮ ಅಳಿಯನಿಗೆ ನೇಗಿಲು ಹಿಡಿಯುವುದೇ ಮರೆತಿದೆ. ಆ ಎತ್ತುಗಳಿಗಾದರೆ ಊರಿನ ಎಲ್ಲರ ಗದ್ದೆಯ ದಾರಿಯೂ ಗೊತ್ತು.

ನಿಮ್ಮ ಮಗಳು
ಯಶೋದ