ಹಡಗಿನ ದಿನದ ಪಟ್ಟಿ

ಜೂನ್ 8, ಗುರುವಾರ. ಬೆಳಿಗ್ಗೆ 6

ಇವತ್ತು ಪ್ರವಾಸಿಗರ ಹಡಗು. ಎರಡು ಸಾವಿರ ಜನ ಇಳಿಯುತ್ತಾರೆ. ವಾಫಲ್ ಹಿಟ್ಟು ಕಲಸಿಟ್ಟೆ. ಈ ತಿಂಗಳ ಹಡಗಿನ ದಿನಗಳ ಕೆಲಸದ ಪಟ್ಟಿ ಅಂಗಡಿ ಬಾಗಿಲಿಗೆ ಅಂಟಿಸಿ ಬಂದೆ — ಬಸ್ಸಿಗೆ ಯಾರು, ಮರದ ಚರ್ಚ್ ತೋರಿಸಲು ಯಾರು. ಊರ ಕೆಲಸ. ಹೆಸರು ಬಿದ್ದವರು ಇಲ್ಲ ಅನ್ನುವ ಹಾಗಿಲ್ಲ. ಹನ್ನೊಂದು ವರ್ಷದಿಂದ ಬರೆಯುವವಳು ನಾನೇ.

ಹೋದ ವಾರ ಹಡಗಿನಿಂದ ಇಳಿದ ಒಬ್ಬಳು ಸೀದಾ ನನ್ನ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಮ್ಯೂಸಿಯಂ ಅಂದುಕೊಂಡಳಂತೆ! ಪಕ್ಕದಲ್ಲೇ ಕೂತಿದ್ದೆನಲ್ಲ, ನಾನೇನು ಬೊಂಬೆಯೇ?

ಅಣ್ಣ ಐವಿಂಡ್ ಎದುರು ಮನೆಯಲ್ಲೇ. ಮಾತಿಲ್ಲ. ಹಡಗುಕಟ್ಟೆ ಬೇಕೆಂದು ಸಭೆಯಲ್ಲಿ ನಾನು ಕೈ ಎತ್ತಿದ ದಿನದಿಂದ. "ಒಂದಿನ ಆ ಹಡಗನ್ನ ನಿಲ್ಲಿಸ್ತೀನಿ, ನೋಡ್ತಿರು" ಅಂದದ್ದೇ ಕೊನೆ. ಹಟಮಾರಿ.

ಜೂನ್ 14

ಐವಿಂಡ್ ಹೋದ. ನಿನ್ನೆ, ದೋಣಿಮನೆಯಲ್ಲಿ, ಕೈಯಲ್ಲಿ ಬಲೆ ಹಿಡಿದುಕೊಂಡೇ.

ಒಂದು ಮಾತೂ ಆಡದೆ ಹೋದನಲ್ಲ... ಎಂಥ ಕಲ್ಲುಮನಸ್ಸು!

ಅವನ ಮೇಜಿನ ಮೇಲೆ ಚೀಟಿ. ಅಪ್ಪನನ್ನು ಒಯ್ದ ಹಾಗೆ ತನ್ನನ್ನೂ ದೋಣಿಯಲ್ಲೇ ಆಚೆ ದಡದ ಚರ್ಚಿಗೆ ಮಣ್ಣಿಗೆ ಒಯ್ಯಬೇಕಂತೆ. ನಾಲ್ಕು ಹುಟ್ಟು. ಮೋಟಾರ್ ಬೇಡ. ಪಾದ್ರಿ ನಾಲ್ಕೂರಿಗೆ ಒಬ್ಬರೇ, ಅವರಿಗೆ ಬಿಡುವಿರುವುದು ಇಪ್ಪತ್ತೆರಡಕ್ಕೆ, ಎರಡು ಗಂಟೆಗೆ.

ಅದೂ ಗುರುವಾರ. ಹಡಗಿನ ದಿನ.

ಜೂನ್ 17, ಮಧ್ಯಾಹ್ನ

ಪ್ರವಾಸಿ ಸಮಿತಿಯ ಅಧ್ಯಕ್ಷ ಟೂರ್ಲೈವ್ ಬಂದಿದ್ದ. ಕಾಫಿ ಕೊಟ್ಟೆ. ಕೊಡಬಾರದಿತ್ತು.

"ಗುನ್‌ವೋರ್, ಹಡಗು ಒಂದು ಗಂಟೆಗೆ ಹೊರಡತ್ತೆ. ಅದರ ಮುಂದೇನೇ ಶವ... ಚೆನ್ನಾಗಿರಲ್ಲ. ನನ್ನ ಕಾರ್ ಕೊಡ್ತೀನಿ, ಸುರಂಗದಲ್ಲಿ ಹೋದ್ರೆ ಅರ್ಧ ಗಂಟೆ."

"ಇನ್ನೇನು?"

"ಬಾವುಟ... ಆವತ್ತು ಸಾವಿಗೆ ಅಂತ ಯಾರೂ ಅರ್ಧಕ್ಕೆ ಇಳಿಸದೆ ಇದ್ರೆ... ಜನ ಫೋಟೋ ತೆಗೀತಾರಲ್ಲ."

"ನಿಮ್ಮಪ್ಪನ ಮಣ್ಣಿನ ದಿನ ನಿಮ್ಮನೆ ಬಾವುಟ ಇಳಿಸಿದ್ದು ಯಾರು?"

ಕಪ್ ಕೆಳಗಿಟ್ಟ. "ಐವಿಂಡ್."

"ಕಾಫಿ ಕುಡಿದಾಯ್ತಲ್ಲ? ಎದ್ದೋಗು."

ಅವನು ಕುಡಿದ ಕಪ್ ಎರಡು ಸಲ ತೊಳೆದೆ.

ಜೂನ್ 20

ಹುಟ್ಟು ಹಾಕುವವರನ್ನು ಹುಡುಕಿಕೊಂಡು ಅಂಗಡಿಗೆ ಹೋದೆ.

ಅಲ್ಲೇ ಇದ್ದ ನಮ್ಮೂರ ಮಾಗ್ನೆ ಅಂದ, "ಬರ್ತಿದ್ದೆ. ಆದ್ರೆ ಬಸ್ಸಿಗೆ ಹಾಕಿದೀಯಲ್ಲ ನನ್ನ."

ಅಂಗಡಿಯ ಓಡ್‌ಬ್ಯೋರ್ಗ್: "ನಂಗೆ ಚರ್ಚ್ ತೋರಿಸೋ ಪಾಳಿ. ನೀನೇ ಬರ್ದಿರೋದು."

ಅವಳ ಗಂಡ ಕೋರೆ ಬಾಗಿಲ ಮೇಲಿನ ಪಟ್ಟಿಯ ಕಡೆ ಬೆರಳು ತೋರಿಸಿದ. ನನ್ನದೇ ಅಕ್ಷರ. ದುಂಡಗೆ, ನೀಟಾಗಿ. ಮೈಯೆಲ್ಲ ಉರಿದುಹೋಯಿತು — ಯಾರ ಮೇಲೆ ಅಂತ ಕೂಗಲಿ?

ಪಟ್ಟಿ ಕಿತ್ತು ಚೂರು ಚೂರು ಮಾಡಿದೆ. "ಈಗ ಹೇಳಿ, ಇನ್ನೇನು ನೆಪ?"

ಮಾಗ್ನೆ ನಕ್ಕ. "ನಾವು ಮೂರೇ ಜನ. ನಾಲ್ಕನೇ ಹುಟ್ಟು?"

"ನಾನು."

"ನಿನ್ನ ಸೊಂಟ?"

"ನನ್ನ ಸೊಂಟದ ಚಿಂತೆ ನಿಂಗ್ಯಾಕಯ್ಯ?"

ಜೂನ್ 22, ಸಂಜೆ 5

ಅಂಗೈ ತುಂಬ ಬೊಬ್ಬೆ. ಪೆನ್ನು ಹಿಡಿಯಲಾಗುತ್ತಿಲ್ಲ.

ಹನ್ನೆರಡೂವರೆಗೆ ಶವದ ಪೆಟ್ಟಿಗೆ ದೋಣಿಯಲ್ಲಿಟ್ಟು ಹೊರಟೆವು. ಊರಿನ ಬಾವುಟಗಳೆಲ್ಲ ಅರ್ಧಕ್ಕಿದ್ದವು, ಕಟ್ಟೆಯದೊಂದು ಬಿಟ್ಟು. ಹಡಗಿನ ಮುಂದೆ ಬಂದಾಗ ಮೇಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಕಟ್ಟೆಯ ಮೇಲಿದ್ದ ಪ್ರವಾಸಿಯೊಬ್ಬ ಟೂರ್ಲೈವ್‌ನನ್ನು ಕೂಗಿ ಕೇಳಿದ, ಈ ಆಟ ಪ್ರತಿ ವಾರ ಇರುತ್ತದೆಯೇ ಅಂತ.

ಆಟವಂತೆ!

ಹುಟ್ಟು ಎತ್ತಿ ದೋಣಿಯೊಳಗಿಟ್ಟೆ.

"ಗುನ್‌ವೋರ್, ಪಾದ್ರಿ ಕಾಯ್ತಿದಾರೆ" ಅಂದ ಮಾಗ್ನೆ.

"ಕಾಯ್ಲಿ."

ನೋಡಿದ. ಅವನೂ ಹುಟ್ಟು ಎತ್ತಿದ. ಉಳಿದಿಬ್ಬರೂ ಎತ್ತಿದರು. ದೋಣಿ ಹಡಗಿನ ದಾರಿಗೆ ಅಡ್ಡ ನಿಂತಿತು. ಒಂದು ಗಂಟೆಗೆ ಹಡಗು ಕೂಗಿತು. ನಾವು ಅಲುಗಲಿಲ್ಲ. ಮತ್ತೆ ಕೂಗಿತು. ಟೂರ್ಲೈವ್ ಕಟ್ಟೆಯ ಅಂಚಿಗೆ ಓಡಿ ಬಂದ. ಬೈಯುತ್ತಾನೆ ಅಂದುಕೊಂಡೆ, ಬಾಯಿ ಸಿದ್ಧ ಮಾಡಿಕೊಂಡಿದ್ದೆ. ಬೈಯಲಿಲ್ಲ. ಕಟ್ಟೆಯ ಕಂಬದ ಹಗ್ಗ ಬಿಚ್ಚಿ ಬಾವುಟವನ್ನು ಅರ್ಧಕ್ಕಿಳಿಸಿ, ಟೋಪಿ ತೆಗೆದು ನಿಂತ. ಚಪ್ಪಾಳೆ ನಿಂತಿತು. ಹಡಗು ಆಮೇಲೆ ಕೂಗಲಿಲ್ಲ.

ಪೆಟ್ಟಿಗೆಯ ಮೇಲೆ ಕೈಯಿಟ್ಟೆ.

"ನಿಂತಿದೆ ನೋಡೋ, ಅಣ್ಣ."

ಹನ್ನೊಂದು ವರ್ಷದಲ್ಲಿ ಅವನೊಡನೆ ಆಡಿದ ಮೊದಲ ಮಾತು. ಇನ್ನೊಂದು ಹೇಳುವುದಿತ್ತು. ಮೂವರು ಕೇಳಿಸಿಕೊಳ್ಳುತ್ತಿದ್ದರು, ಹೇಳಲಿಲ್ಲ. ಇಲ್ಲಾದರೂ ಬರೆಯುತ್ತೇನೆ. ಆವತ್ತು ಸಭೆಯಲ್ಲಿ ಕೈ ಎತ್ತಿದೆನಲ್ಲ, ಐವಿಂಡ್, ಅದು ನನ್ನ ತಪ್ಪು.