ನೂರಾ ಹದಿನಾಲ್ಕನೇ ಪುಟದ ಉತ್ತರ

ಧಾರವಾಡ
ಎರಡನೇ ಬೇಸಿಗೆ ತಿಂಗಳ ಮೂವತ್ತನಾಲ್ಕನೇ ದಿನ, ೨೨೧೯

ಡಾ. ಇಂದುಮತಿ ಬೆಳವಡಿ ಅಕ್ಕಾವರಿಗೆ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಬೇಸಿಗೆಯ ತಿಂಗಳುಗಳಿಗೆ ನಲವತ್ತು ದಿನ ಕೊಟ್ಟು, ಉಳಿದ ತಿಂಗಳುಗಳನ್ನು ಮೊಟಕು ಮಾಡಿದ್ದಾರೆ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ತುಂಗವ್ವ ಸವದಿ, ನಿಮ್ಮಂತೆಯೇ ವಂಶವಾಹಿಗಳನ್ನು ಓದುವ ಕೆಲಸದವಳು. ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಯ ವಾರಿಗೆಯವರು. ಆದರೆ ಈ ಪತ್ರ ಕೈಸೇರುವಾಗ ನಿಮಗೆ ಮೂವತ್ತೆಂಟು, ನನಗೆ ಅರವತ್ತೊಂದು. ಆದ್ದರಿಂದ ನಡುವೆ ನಿಂತು ಅಕ್ಕಾವರೇ ಎನ್ನುತ್ತೇನೆ.

ಇದು ಹಿನ್ನಂಚೆಯಲ್ಲಿ ಬರುತ್ತಿದೆ. ಹಿಂದಿನ ಕಾಲಕ್ಕೆ ಕಾಗದ ಕಳಿಸುವ ವ್ಯವಸ್ಥೆಗೆ ನಮ್ಮಲ್ಲಿ ಆ ಹೆಸರು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಹೆಚ್ಚಿನವರು ಸತ್ತ ತಾಯಿಗೋ ತಂದೆಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಕಾರಣ ಪ್ರೀತಿಯಲ್ಲ, ಹೊಟ್ಟೆಕಿಚ್ಚು.

ಮುಂದಿನ ಸೋಮವಾರ ನೀವು ಪ್ರಯೋಗಾಲಯದ ಕೆಲಸಕ್ಕೆ ರಾಜೀನಾಮೆ ಕೊಡುತ್ತೀರಿ. ಸಹೋದ್ಯೋಗಿಗಳು ನಗುತ್ತಾರೆ. ನೀವು ರೊಟ್ಟಿ ಕೇಂದ್ರಗಳಿಗೆ ಹೋಗಿ, ಹೆಂಗಸರು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು, ಅಜ್ಜಿಯ ಮೂಗು ಮೊಮ್ಮಗಳಿಗೆ ಹೇಗೆ ಬರುತ್ತದೆಂದು ಹೇಳುತ್ತೀರಿ. ಹೇಳಿ ಮುಗಿಸಿ, "ಈಗ ನೀವ ಹೇಳ್ರಿ, ನನಗ ತಿಳಿಯೂ ಹಂಗ" ಎಂದು ಅವರ ಬಾಯಿಂದ ವಾಪಸು ಕೇಳುತ್ತೀರಿ. ಆಮೇಲೆ ರೇಡಿಯೊ, ಶಾಲೆಗಳು, ಬಸ್ ನಿಲ್ದಾಣಗಳು. ಇನ್ನೂರು ವರ್ಷ ಕಳೆದರೂ ನಮ್ಮ ಮಕ್ಕಳ ಮೊದಲ ಪಾಠ ನಿಮ್ಮ ಮಾತು. ನಿಮ್ಮ ಹೆಸರಿನ ರಸ್ತೆಯಿದೆ, ಶಾಲೆಯಿದೆ, ಒಂದು ಮಾವಿನ ತಳಿಯೂ ಇದೆ. ಆ ಮಾವು ಹುಳಿ. ಇದನ್ನು ತಿಳಿಸಲು ನನಗೆ ಬಹಳ ಸಂತೋಷ.

ನಮ್ಮ ದಿನಚರಿಯನ್ನೂ ಸ್ವಲ್ಪ ಹೇಳಬೇಕು. ಓಣಿಗಳ ಮೇಲೆಲ್ಲ ಚಪ್ಪರ ಹಾಕಿದ್ದೇವೆ. ಬೆಳಗಿನ ನಾಲ್ಕಕ್ಕೆ ಕೆಲಸ ಶುರು, ಹತ್ತಕ್ಕೆ ಊರೆಲ್ಲ ಮಲಗುತ್ತದೆ, ಇಳಿಹೊತ್ತಿಗೆ ಮತ್ತೆ ಏಳುತ್ತದೆ. ಪ್ರತಿ ಮನೆಯಲ್ಲೂ ಕನ್ನಡಿಯ ಪಕ್ಕ ಕರುಳಪಟ್ಟಿ ತೂಗುತ್ತದೆ. ಆ ಮನೆತನದಲ್ಲಿ ಯಾವ ಕಾಯಿಲೆ, ಯಾವ ಗುಣ ಹರಿದು ಬಂದಿದೆಯೆಂದು ಬರೆದ ಹಲಗೆ ಅದು. ಮದುವೆ ಮಾತುಕತೆಯಲ್ಲಿ ನೀವು ಜಾತಕ ನೋಡುತ್ತಿದ್ದಂತೆ ನಾವು ಅದನ್ನು ನೋಡುತ್ತೇವೆ, ನಿಮ್ಮಷ್ಟೇ ಸುಳ್ಳನ್ನೂ ಹೇಳುತ್ತೇವೆ. ನಮ್ಮ ಮನೆಯ ಪಟ್ಟಿಯಲ್ಲಿ ಇರುವುದು ಕೈನಡುಕ. ಮೂವತ್ತು ದಾಟುತ್ತಿದ್ದಂತೆ ಬೆರಳುಗಳು ನಡುಗುತ್ತವೆ, ನಲವತ್ತಕ್ಕೆ ತುತ್ತು ಬಾಯಿಗೆ ಹೋಗುವುದಿಲ್ಲ. ನಾನು ತಪ್ಪಿಸಿಕೊಂಡೆ. ಅವ್ವನಿಗೆ ಬಂತು, ತಮ್ಮನಿಗೆ ಬಂತು. ತಮ್ಮನ ಮಗಳು ಕಸ್ತೂರಿಗೂ ಬರುತ್ತದೆಂದು ಹುಟ್ಟಿದಾಗಲೇ ಗೊತ್ತಾಗಿತ್ತು. ಆ ಹುಡುಗಿ ಕಸೂತಿ ಹಾಕುತ್ತಾಳೆ. ಎಳೆ ಎಣಿಸಿ, ಗಂಟಿಲ್ಲದೆ, ಎರಡೂ ಬದಿಗೆ ಒಂದೇ ಚಿತ್ತಾರ ಬರುವ ಹಾಗೆ.

ಮೂವತ್ತೊಂದು ವರ್ಷ ದುಡಿದು ನಾನು ಅದಕ್ಕೆ ಮದ್ದು ಕಂಡುಹಿಡಿದೆ. ಇಪ್ಪತ್ತು ತುಂಬುವುದರೊಳಗೆ ಕೊಡಬೇಕು, ಆಮೇಲೆ ನರಕ್ಕೆ ಹತ್ತುವುದಿಲ್ಲ. ಮದ್ದು ಸಿದ್ಧವಾದಾಗ ಕಸ್ತೂರಿಗೆ ಹದಿನೆಂಟು. ಸಮಯ ಬೇಕಾದಷ್ಟಿತ್ತು.

ಆದರೆ ನೀವು ಬಿಟ್ಟುಹೋದ ಪದ್ಧತಿಯೊಂದು ನಮ್ಮಲ್ಲಿ ಕಾನೂನಾಗಿದೆ. ಅದರ ಹೆಸರು ಮರುಹೇಳಿಕೆ. ವಂಶವಾಹಿಯನ್ನು ಮುಟ್ಟುವ ಯಾವ ಮದ್ದನ್ನೂ ಊರಿನ ಸಭೆಯಲ್ಲಿ ಬಿಡಿಸಿ ಹೇಳದೆ ಕೊಡುವ ಹಾಗಿಲ್ಲ. ಹೇಳಿದ ಮೇಲೆ ಚೀಟಿ ಎತ್ತಿ ಒಬ್ಬರನ್ನು ಆರಿಸುತ್ತಾರೆ. ಅವರು ತಮ್ಮ ಮಾತಿನಲ್ಲಿ ಅದನ್ನೇ ತಿರುಗಿ ಹೇಳಬೇಕು. ತಪ್ಪಿದರೆ ಒಂದು ವರ್ಷ ಕಾಯಬೇಕು. ಇನ್ನೊಂದು ರೂಢಿಯೂ ಇದೆ: ಜನಕ್ಕೆ ತಿಳಿಯುವಂತೆ ಯಾರು ಹೇಳಿದರೋ ಮದ್ದಿಗೆ ಅವರ ಹೆಸರು, ಕಂಡುಹಿಡಿದವರದಲ್ಲ. ಅಡುಗೆ ಮಾಡಿದವಳು ಒಳಗೆ ಹೊಗೆ ಕುಡಿಯುತ್ತಾಳೆ, ಬಡಿಸಿದವಳಿಗೆ ಹೊಗಳಿಕೆ. ಇದನ್ನು ಕಲಿಸಿದವರು ನೀವೇ ಅಲ್ಲವೇ?

ನನ್ನ ಕೈಕೆಳಗೆ ದ್ರಾಕ್ಷಾಯಣಿ ಹೂಲಿ ಎಂಬ ಹುಡುಗಿ ಇದ್ದಾಳೆ. ಕೆಲಸದಲ್ಲಿ ಸಾಧಾರಣ. ಬಾಯಿ ತೆರೆದರೆ ಜಗಳವಾಡುವವರೂ ನಿಂತು ಕೇಳುತ್ತಾರೆ. ಸಭೆಗೆ ಮೊದಲು ಬಂದು, "ಬಾಯಾರ, ನಾ ಹೇಳ್ಲೇನ್ರಿ? ನೀವ ಬಾಜೂಕ ಕುಂದರ್ರಿ" ಎಂದಳು. ಬೇಡವೆಂದೆ. ನನ್ನ ಮದ್ದಿಗೆ ಹೂಲಿ ಮದ್ದು ಎಂಬ ಹೆಸರೇ? ಬಿಸಿತುಪ್ಪದಂತೆ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ನಾನೇ ವೇದಿಕೆ ಹತ್ತಿದೆ.

ನಮ್ಮಂಥ ವಿಜ್ಞಾನಿಗಳು ಮಾತ್ರ ಮಾಡುವ ತಪ್ಪನ್ನು ಅಲ್ಲಿ ಮಾಡಿದೆ. ಮದ್ದು ಏನು ಮಾಡುತ್ತದೆಂದು ಹೇಳುವ ಮೊದಲೇ ಅದು ಏನು ಮಾಡಲಾರದು ಎಂದು ಹೇಳಿದೆ. ನೂರರಲ್ಲಿ ಮೂವರಿಗೆ ಹತ್ತದಿರಬಹುದು, ಇಂಥ ಸಂದರ್ಭದಲ್ಲಿ ಖಚಿತವಿಲ್ಲ, ಅಂಥದ್ದಕ್ಕೆ ಪುರಾವೆ ಸಾಲದು. ಪ್ರಾಮಾಣಿಕತೆಯಿಂದಲೇ ಹೇಳಿದೆ, ಮುಕ್ಕಾಲು ಗಂಟೆ ಹೇಳಿದೆ. ಚೀಟಿಯಲ್ಲಿ ಹೆಸರು ಬಂದ ಮುದುಕಿ ಎದ್ದು ನಿಂತು, "ಮೂರು ಮಂದಿಗೆ ಏನರ ಆಗತೈತಂತ. ಯಾರ ಆ ಮೂರು ಮಂದಿ ಅಂದ್ರ ಈಕಿಗೂ ಗೊತ್ತಿಲ್ಲಂತ. ನಮಗ್ಯಾಕ ಬೇಕವ್ವಾ ಇದು?" ಎಂದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಎರಡನೇ ವರ್ಷ ದ್ರಾಕ್ಷಾಯಣಿ ಮತ್ತೆ ಕೇಳಿದಳು. ಮತ್ತೆ ಬೇಡವೆಂದೆ. ಈ ಸಲ ನಿಮ್ಮ ಭಾಷಣಗಳನ್ನು ಉರುಹೊಡೆದು, ನಿಮ್ಮ ನಗೆಚಾಟಿಕೆಗಳ ಸಮೇತ ಒಪ್ಪಿಸಿದೆ. ಅವು ಊರಿಗೆಲ್ಲ ಬಾಯಿಪಾಠ. ಮುಂದಿನ ಸಾಲಿನ ಹೆಂಗಸರು ನನ್ನ ಜೊತೆಗೇ ಹೇಳತೊಡಗಿದರು. ಎಲ್ಲರೂ ನಕ್ಕರು, ಮದ್ದಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಕ್ಕಾವರೇ, ಆ ದಿನ ನೀವು ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಹೋದ ತಿಂಗಳು ಕಸ್ತೂರಿಗೆ ಇಪ್ಪತ್ತು ತುಂಬಿತು. "ಹೋಗ್ಲಿ ಬಿಡ ಅತ್ತಿ, ನೀ ಎಷ್ಟ ಕಷ್ಟಪಟ್ಟಿ ನನಗ ಗೊತ್ತಿಲ್ಲೇನ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ದ್ರಾಕ್ಷಾಯಣಿ ಎರಡು ಸಲ ಕೇಳಿದ್ದು ಅವಳಿಗೆ ಗೊತ್ತಿಲ್ಲ. ಹೇಳುವ ಧೈರ್ಯ ನನಗಿಲ್ಲ.

ಆಮೇಲೆ ಈ ಹಿನ್ನಂಚೆಗೆ ಕುಳಿತೆ. ಮೊದಲು ಬರೆದ ಪತ್ರ ಬೇರೆ. ರಾಜೀನಾಮೆ ಕೊಡಬೇಡಿ, ಮಾತಿನ ಚಟಕ್ಕೆ ವಿಜ್ಞಾನ ಬಿಡಬೇಡಿ ಎಂದು ಅದರಲ್ಲಿ ಬುದ್ಧಿ ಹೇಳಿದ್ದೆ. ನಿಮ್ಮ ರಸ್ತೆ, ಶಾಲೆ, ಹುಳಿಮಾವು ಎಲ್ಲ ಅಳಿದುಹೋಗಲಿ ಎಂಬುದಷ್ಟೇ ಅದರ ಒಳಗುಟ್ಟು. ಓದಿ ನೋಡಿ ನನಗೇ ನಾಚಿಕೆಯಾಯಿತು, ಸುಟ್ಟೆ.

ಪ್ರಯೋಗಾಲಯದ ನಿಮ್ಮ ಕೊನೆಯ ನೋಟ್‌ಬುಕ್ ನಮ್ಮ ಸಂಗ್ರಹದಲ್ಲಿದೆ. ಅದರ ನೂರಾ ಹದಿನಾಲ್ಕನೇ ಪುಟದಲ್ಲಿ ನೀವು ಕೈನಡುಕದ ಮೂರು ಮನೆತನಗಳನ್ನು ಹೋಲಿಸಿ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದೀರಿ. ನನ್ನ ಮೂವತ್ತೊಂದು ವರ್ಷ ಶುರುವಾದದ್ದು ಅಲ್ಲಿಂದ. ಅದರ ಉತ್ತರ ಇಗೋ: ನೀವು ಅನುಮಾನಿಸುತ್ತಿರುವ ವಂಶವಾಹಿಯಲ್ಲಿ ಐಬಿಲ್ಲ. ಅದನ್ನು ಆರಿಸುವ ಸ್ವಿಚ್ಚು ಕೆಟ್ಟಿದೆ, ಆ ಸ್ವಿಚ್ಚು ಇರುವುದು ಪಕ್ಕದ ವಂಶವಾಹಿಯ ಒಳಗೆ. ಅಲ್ಲಿ ಯಾರೂ ಹುಡುಕುವುದಿಲ್ಲ. ಮದ್ದು ಮಾಡುವ ಕ್ರಮವನ್ನು ಇದರ ಜೊತೆಗಿಟ್ಟ ಹಾಳೆಯಲ್ಲಿ ಪೂರ್ತಿ ಬರೆದಿದ್ದೇನೆ.

ಸೋಮವಾರ ರಾಜೀನಾಮೆ ಕೊಟ್ಟೇ ಬಿಡಿ. ಆದರೆ ಅದಕ್ಕೂ ಮೊದಲು ಇದನ್ನು ಪಕ್ಕದ ಮೇಜಿನವರ ಕೈಗೆ ಕೊಡಿ, ಆಮೇಲೆ ಊರೂರಿಗೆ ಹೋಗಿ ನಿಮ್ಮ ಬಾಯಿಂದಲೇ ಹೇಳಿ. ನಿಮ್ಮ ಮಾತನ್ನು ಜನ ಕೇಳುತ್ತಾರೆ. ಹಾಗಾದರೆ ನಮ್ಮ ಮನೆಯ ಪಟ್ಟಿಯಲ್ಲಿ ಕೈನಡುಕವೇ ಇರುವುದಿಲ್ಲ. ನಾನು ಕಂಡುಹಿಡಿಯಲು ಏನೂ ಉಳಿದಿರುವುದಿಲ್ಲ. ನಾನೊಬ್ಬಳು ವಿಜ್ಞಾನಿಯಾಗಿದ್ದೆ ಎಂಬುದೂ ಯಾರಿಗೂ ತಿಳಿಯುವುದಿಲ್ಲ, ನನಗೂ ಸೇರಿ. ಕಸ್ತೂರಿ ಮುದುಕಿಯಾಗುವವರೆಗೆ ಕಸೂತಿ ಹಾಕಿಕೊಂಡಿರಲಿ.

ಮದ್ದಿಗೆ ನಿಮ್ಮ ಹೆಸರೇ ಇರಲಿ. ಈ ಒಂದು ವಾಕ್ಯ ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು.