ಎಲೆಗಾಲು

ಜೂನ್ 3, ಸಂಜೆ
ಬಿಸಿನೀರಲ್ಲಿ ಕಾಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಇವತ್ತೂ ಕಿರುಬೆರಳು ಸುಲಿದಿದೆ. ಮ್ಯೂಸಿಯಂ ಗೈಡುಗಳೆಲ್ಲ ಚೂಪು ಮೂತಿಯ ಕಪ್ಪು ಶೂ ಹಾಕಬೇಕು — ಹೊಸ ಮ್ಯಾನೇಜರ್ ಹುಕುಂ. ಶರ್ಟಿನ ಜೊತೆ ಮುಖಕ್ಕೂ ಇಸ್ತ್ರಿ ಹೊಡೆಸಿಕೊಂಡು ಬರುತ್ತಾನೆ. ನಾನಿಟ್ಟ ಹೆಸರು: ಇಸ್ತ್ರಿ.
"ನನ್ನ ಕಾಲು ಅಗಲ, ಸರ್. ಚಪ್ಪಲೀಲೇ ಬರ್ತೀನಿ" ಅಂದೆ.
"ಕಾಲು ಅಡ್ಜಸ್ಟ್ ಆಗತ್ತೆ ಬಿಡಿ" ಅಂದ. ಇವನಪ್ಪನ ಮನೆ ಕಾಲು ನೋಡಿ!

ಜೂನ್ 4
ನಮ್ಮ ಗ್ಯಾಲರಿಗೆ ಹೊಸ ಗಾಜಿನ ತೊಟ್ಟಿ. ಒಳಗೆ ಉಗುರಿನಷ್ಟು ಜೀವಿಗಳು, ಅಂಗಾತ ಈಜುತ್ತವೆ. ಬೋರ್ಡು: ಪರ್ಣಪಾದಿಗಳು. ಬಂದವರು "ಮೀನೆಲ್ಲಿ?" ಅಂತ ಮುಂದೆ ಹೋಗುತ್ತಾರೆ. ನಾನು ನಿಂತು ಓದಿದೆ. ಪರ್ಣ ಅಂದರೆ ಎಲೆ. ಎಲೆಯ ಹಾಗೆ ಚಪ್ಪಟೆ, ತೆಳು ಕಾಲಿನ ಪ್ರಾಣಿಗಳು. ಆ ಕಾಲಲ್ಲೇ ಈಜು, ಆ ಕಾಲಲ್ಲೇ ಬಾಯಿಗೆ ಊಟ ತಳ್ಳುವುದು. ಉಸಿರಾಟವೂ ಕಾಲಲ್ಲೇ! ಒಂದು ಸಂಬಳಕ್ಕೆ ಇಷ್ಟು ಕೆಲಸ ಮಾಡುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಅಮ್ಮ, ಅಕ್ಕ, ನಾನು — ಒಂದೇ ಅಚ್ಚಿನ ಅಗಲ ಪಾದ. ಸ್ಕೂಲಲ್ಲಿ "ಹಲಗೆ" ಅನ್ನುತ್ತಿದ್ದರು. ಅಕ್ಕ ಇವತ್ತಿಗೂ ಮನೆಯೊಳಗೂ ಸಾಕ್ಸ್ ಬಿಚ್ಚುವುದಿಲ್ಲ.

ಜೂನ್ 7
ಸ್ಕೂಲ್ ಮಕ್ಕಳ ಗುಂಪು. ಒಬ್ಬಳು ಗಾಜಿಗೆ ಮೂಗು ಒತ್ತಿ, "ಮಿಸ್, ಎಲೆ ಥರ ಕಾಲು ಅಂದ್ರೆ ಹೇಗೆ? ಏನೂ ಕಾಣ್ತಿಲ್ಲ."
ಶೂ ಬಿಚ್ಚಿದೆ. ಪಾದ ಬೆಂಚಿನ ಮೇಲಿಟ್ಟೆ. "ಹೀಗೆ. ಅಗಲ, ಚಪ್ಪಟೆ. ಆದ್ರೆ ಅವಕ್ಕೆ ಮೂಳೆ ಇಲ್ಲ, ಇನ್ನೂ ತೆಳ್ಳಗೆ."
ಮಕ್ಕಳು ಬಿದ್ದೂ ಬಿದ್ದೂ ನಕ್ಕವು. ಆಮೇಲೆ ಅರ್ಧಕ್ಕರ್ಧ ಮಕ್ಕಳು ಶೂ ಬಿಚ್ಚಿ ತಮ್ಮ ಪಾದ ನೋಡಿಕೊಂಡವು. ಉಳಿದ ಗ್ಯಾಲರಿಗಳನ್ನೆಲ್ಲ ಬರಿಗಾಲಲ್ಲೇ ತೋರಿಸಿದೆ. ಎಷ್ಟು ಹಾಯೆನಿಸಿತು...

ಜೂನ್ 8
ಇಸ್ತ್ರಿ ಕರೆಸಿದ. "ಮಕ್ಕಳ ಮುಂದೆ ಶೂ ಬಿಚ್ಚಿದ್ದಕ್ಕೆ ಕ್ಷಮೆ ಕೇಳಿ. ಸೋಮವಾರದಿಂದ ಶೂ. ಇಲ್ಲಾಂದ್ರೆ ಸ್ಟೋರ್ ರೂಮು."
ಜನರ ಮುಂದೆ ಮಾತಾಡುವುದೇ ನನ್ನ ಜೀವ. ಅವನಿಗದು ಗೊತ್ತು.

ಜೂನ್ 9
ಅಕ್ಕ: "ಕ್ಷಮೆ ಕೇಳಿಬಿಡೇ. ನಿನ್ನ ಕಾಲೇನು ಪ್ರದರ್ಶನದ ವಸ್ತುವಾ?"
"ಮ್ಯೂಸಿಯಂನಲ್ಲಿರೋದು ಇನ್ನೇನು, ಅಕ್ಕಾ?"
ನಕ್ಕಳು. ನಗುತ್ತಲೇ ಅತ್ತಳು. "ಹಲಗೆ ಅಂತ ಕರೆಸ್ಕೊಂಡಿದ್ದು ಸಾಲ್ದಾ ನಿಂಗೆ?" ಅಂದಳು.

ಜೂನ್ 10
ಚಪ್ಪಲಿಯಲ್ಲಿ ಹೋದೆ. ಕ್ಷಮೆ ಕೇಳಲಿಲ್ಲ. ಸ್ಟೋರ್ ರೂಮಿನ ಬೀಗದ ಕೈ ಕೊಟ್ಟ.

ಜೂನ್ 19
ಇಷ್ಟು ದಿನ ಬರೆಯಲಿಲ್ಲ. ಬರೆದರೆ ಅಳು ಬರುತ್ತಿತ್ತು. ಅವನಿಗೋಸ್ಕರ ಅಳುವುದೆಂದರೆ — ಛೆ! ಧೂಳು ಹೊಡೆಯುತ್ತ, ಹೊಟ್ಟೆಗೆ ಹತ್ತಿ ತುಂಬಿದ ಹದ್ದಿಗೆ ಪರ್ಣಪಾದಿಯ ಅರ್ಥ ಹೇಳಿದೆ. ಗಮನವಿಟ್ಟು ಕೇಳಿತು. ಇಸ್ತ್ರಿಗಿಂತ ವಾಸಿ.

ಜೂನ್ 21, ಮಧ್ಯಾಹ್ನ, ಗ್ಯಾಲರಿ
ಅಕ್ಕ ಬಂದಿದ್ದಳು. ಮೊದಲ ಸಲ. ಹಟ ಹಿಡಿದು ತೊಟ್ಟಿ ನೋಡಿದಳು.
"ಉಸಿರಾಡೋದೂ ಕಾಲಲ್ಲೇನಾ?"
"ಹೂಂ."
"ಹಾಗಿದ್ರೆ ಮುಚ್ಚಿಟ್ರೆ ಸಾಯ್ತವಲ್ಲೇ!"
ಬೆಂಚಿನ ಮೇಲೆ ಕೂತಳು. ಸಾಕ್ಸ್ ಬಿಚ್ಚಲಿಲ್ಲ, ಬಿಚ್ಚು ಅಂತ ನಾನೂ ಹೇಳಲಿಲ್ಲ. ಹೊರಡುವಾಗ, "ನಾನು ಹೇಳಿದ್ದು ಮರೆತುಬಿಡು. ಕ್ಷಮೆಗಿಮೆ ಕೇಳ್ಬೇಡ" ಅಂದಳು.

ಸ್ಟೋರ್ ರೂಮಿನ ಬೀಗದ ಕೈ ಇಸ್ತ್ರಿಯ ಮೇಜಿನ ಮೇಲಿಟ್ಟು ಬಂದಿದ್ದೇನೆ. ಚಪ್ಪಲಿಯನ್ನೂ ಬಿಟ್ಟು ತೊಟ್ಟಿಯ ಪಕ್ಕ ಕೂತಿದ್ದೇನೆ. ಕೆಳಗೆ ಮಕ್ಕಳ ಗಲಾಟೆ, ಯಾವುದೋ ಸ್ಕೂಲು. ಕಾರಿಡಾರಿನಲ್ಲಿ ಟಕ್ ಟಕ್ — ಅವನೇ. ಮಕ್ಕಳು ಮೊದಲು ಬಂದರೆ ಪರ್ಣಪಾದಿಯ ಅರ್ಥ ಮಕ್ಕಳಿಗೆ ಹೇಳುತ್ತೇನೆ. ಅವನು ಮೊದಲು ಬಂದರೆ ಅವನಿಗೇ. ಕಾಲು ಮಾತ್ರ ಬೆಂಚಿನ ಕೆಳಗೆ ಎಳೆದುಕೊಳ್ಳುವುದಿಲ್ಲ.

ಬಂದ. ನೋಡುತ್ತಿದ್ದಾನೆ. ಎದ್ದೆ. ಪರ್ಣ ಅಂದರೆ ಎಲೆ, ಸರ್. ಪಾದ ಅಂದರೆ —